ಪರದೆಯ ಚಿತ್ರಗ್ರಹಣದಲ್ಲಿ ನಕಲಿನ ಹೊರೆ

ಗಣಕದ ಪರದೆಯ ಮೇಲೆ ನಡೆಯುವುದನ್ನು ಚಲಚ್ಚಿತ್ರವಾಗಿ ದಾಖಲಿಸುವ ತಂತ್ರಾಂಶಗಳು ಇಂದು ಪಾಠಪ್ರವಚನಗಳಿಗೂ ಒದಗುತ್ತಿವೆ. ಆದರೆ ಸಾಧಾರಣ ಗಣಕದಲ್ಲಿ ಇವನ್ನು ನಡೆಯಿಸಿದೊಡನೆ ಯಂತ್ರವು ಬಿಸಿಯಾಗುವುದೂ ನಡುನಡುವೆ ಚಿತ್ರಗಳು ತಪ್ಪಿಹೋಗುವುದೂ ಉಂಟು. ಬಹುಮಂದಿ ಈ ದೋಷವನ್ನೆಲ್ಲ ಚಿತ್ರವನ್ನು ಸಂಕೋಚಿಸುವ ಕ್ರಿಯೆಯ ಮೇಲೆಯೇ ಹೊರಿಸುತ್ತಾರೆ. ಅದಕ್ಕೆ ಮೊದಲು, ಚಿತ್ರವನ್ನು ಸುಮ್ಮನೆ ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವುದರಲ್ಲಿಯೇ ಎಷ್ಟು ಶ್ರಮ ವ್ಯಯವಾಗುವುದೆಂಬುದನ್ನು ನಾವು ಲೆಕ್ಕಹಾಕಿ ನೋಡುವುದು ಉಚಿತ.

ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಬಿಂದುಗಳುಳ್ಳ ಪರದೆಯಲ್ಲಿ, ಬಿಂದುವೊಂದಕ್ಕೆ 4 ಬೈಟುಗಳಂತೆ ಒಂದು ಚಿತ್ರಕ್ಕೆ 82,94,400 ಬೈಟುಗಳಾಗುತ್ತವೆ. ಸೆಕೆಂಡಿಗೆ 60 ಚಿತ್ರಗಳೆಂದರೆ ಸುಮಾರು 50 ಕೋಟಿ. ನಕಲು ಎಂದರೆ ಒಮ್ಮೆ ಓದುವುದು, ಒಮ್ಮೆ ಬರೆಯುವುದು. ಆದ್ದರಿಂದ ಒಂದು ನಕಲಿಗೆ ಸ್ಮೃತಿಕೋಶದಲ್ಲಿ ಸೆಕೆಂಡಿಗೆ ಸುಮಾರು 100 ಕೋಟಿ ಬೈಟುಗಳ ಸಂಚಾರ ನಡೆಯುತ್ತದೆ. ಮೂರು ನಕಲುಗಳಾದರೆ 300 ಕೋಟಿ. ಸಂಕೋಚನಕಾರ್ಯವಾದರೋ ಇನ್ನೂ ಆರಂಭವೇ ಆಗಿರುವುದಿಲ್ಲ!

ನಕಲನ್ನು ವೇಗಗೊಳಿಸುವುದಕ್ಕಿಂತ ಅದನ್ನು ತಪ್ಪಿಸುವುದೇ ಮೇಲು. ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಚಿತ್ರದ ಬೈಟುಗಳೆಲ್ಲ ಸಂಪರ್ಕಮಾರ್ಗದ ಮೂಲಕ ಹರಿದು ಬರಬೇಕು. ಹಂಚಿಕೆಯ ಸ್ಮೃತಿಯನ್ನು ಬಳಸಿದರೆ ಸರ್ವರು ಉಭಯರಿಗೂ ಕಾಣುವ ಸ್ಥಳದಲ್ಲಿಯೇ ಚಿತ್ರವನ್ನು ಬರೆದಿಡುತ್ತದೆ. 2012ರಲ್ಲಿ ಬಂದ ವಿಂಡೋಸ್ 8 ಇನ್ನೂ ಮುಂದೆ ಹೋಗಿ, ಚಿತ್ರವನ್ನು ಜಿ.ಪಿ.ಯು. ಎಂಬ ಚಿತ್ರಸಂಸ್ಕಾರಕದೊಳಗೇ ಒದಗಿಸಿ, ಬದಲಾದ ಆಯತಗಳಾವುವೆಂಬುದನ್ನೂ ತಿಳಿಸುವ ಏರ್ಪಾಡನ್ನು ತಂದಿತು. ಅಧ್ಯಾಪಕರು ಒಂದೇ ಪುಟವನ್ನು ತೋರಿಸುತ್ತ ವಿವರಿಸುತ್ತಿರುವಾಗ ಬದಲಾಗುವ ಭಾಗ ಅತ್ಯಲ್ಪವಷ್ಟೆ. ಲಿನಕ್ಸಿನ ಡಿ.ಎಂ.ಎ.-ಬಫ್ ಪದ್ಧತಿಯಲ್ಲಿ ಬಿಂದುಗಳನ್ನಲ್ಲ, ಅವು ಇರುವ ಸ್ಥಳದ ಗುರುತನ್ನು ಮಾತ್ರ ಹಸ್ತಾಂತರಿಸಲಾಗುತ್ತದೆ. ಸಂಕೋಚನವೂ ಜಿ.ಪಿ.ಯು.ವಿನಲ್ಲಿಯೇ ನಡೆದರೆ ಮುಖ್ಯ ಸಂಸ್ಕಾರಕವು ಚಿತ್ರವನ್ನು ಮುಟ್ಟಲೇಬೇಕಾಗಿಲ್ಲ.

ಅದು ಸಾಧ್ಯವಿಲ್ಲದಿದ್ದಲ್ಲಿ, ಜಿ.ಪಿ.ಯು.ವಿನಲ್ಲಿಯೇ ಚಿತ್ರವನ್ನು ಎನ್.ವಿ.12 ರೂಪಕ್ಕೆ ಪರಿವರ್ತಿಸಿ ಆಮೇಲೆ ಹೊರತರುವುದು ಯುಕ್ತ. ಆಗ ಚಿತ್ರವೊಂದು 31,10,400 ಬೈಟುಗಳಿಗೆ ಇಳಿಯುತ್ತದೆ. ಅಲ್ಪಪ್ರಯತ್ನಕ್ಕೆ ಬಹುಫಲವೀಯುವ ಉಪಾಯವಿದೆಂದು ನಾವು ಭಾವಿಸುತ್ತೇವೆ. ಆದರೆ ಇಲ್ಲಿ ನಾಲ್ಕು ಬಿಂದುಗಳಿಗೆ ವರ್ಣದ ಮಾಹಿತಿ ಒಂದೇ ಆದ್ದರಿಂದ, ಕಪ್ಪು ಹಿನ್ನೆಲೆಯ ಮೇಲಿನ ಸಣ್ಣ ಕೆಂಪಕ್ಷರಗಳು ಮಸುಕಾಗುತ್ತವೆ. ಗಣಿತಪಾಠಗಳಲ್ಲಿ ಇದು ಉಪೇಕ್ಷಿಸತಕ್ಕ ಸಂಗತಿಯಲ್ಲ.

ಮೂಲವನ್ನೇ ಹಂಚಿಕೊಳ್ಳುವಾಗ ಇನ್ನೊಂದು ತೊಡಕಿದೆ. ಒಬ್ಬರು ಓದುತ್ತಿರುವಾಗಲೇ ಇನ್ನೊಬ್ಬರು ಅದೇ ಸ್ಥಳದಲ್ಲಿ ಹೊಸ ಚಿತ್ರವನ್ನು ಬರೆದರೆ, ಅರ್ಧ ಹಳತು ಅರ್ಧ ಹೊಸತಾದ ಚಿತ್ರ ದಾಖಲಾಗುತ್ತದೆ. ಬರೆಯಬಾರದೆಂದು ತಡೆದರೆ ಚಿತ್ರಗಳ ಸರದಿಯೇ ನಿಂತುಹೋಗಬಹುದು. ಆದಕಾರಣ ಚಿತ್ರವನ್ನು ದೀರ್ಘಕಾಲ ಹಿಡಿದಿಡಬೇಕಾದ ತಂತ್ರಾಂಶವು ಜಿ.ಪಿ.ಯು.ವಿನೊಳಗೇ ಒಂದು ನಕಲನ್ನು ಮಾಡಿಕೊಂಡು, ಮೂಲವನ್ನು ಕೂಡಲೆ ಬಿಟ್ಟುಕೊಡುವುದು ಲೇಸು.