ಸ್ಪ್ಯಾನಿಷರ ಹಬ್ಬದ ಹಾರೈಕೆಗಳು

ಒಂದು ಜನಾಂಗದ ಹಬ್ಬವನ್ನು ಅರಿಯಬೇಕಾದರೆ ಆ ದಿನ ಅವರು ಪರಸ್ಪರ ಆಡುವ ಮಾತನ್ನು ನಾವು ಗಮನಿಸಬೇಕು. ಸ್ಪೇನಿನವರು ಕ್ರಿಸ್‌ಮಸ್ಸಿಗೆ ‘ಫೆಲಿಸ್ ನವಿದಾದ್’ ಎನ್ನುವರು. ‘ಫೆಲಿಸ್’ ಎಂದರೆ ಸುಖಕರ. ‘ನವಿದಾದ್’ ಎಂಬುದು ಜನನವೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ ಬಂದುದು.

ಆದರೆ ಅವರ ಹಬ್ಬ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಡಿಸೆಂಬರ್ 24ರ ರಾತ್ರಿ ‘ನೋಚೆಬುಯೆನಾ’, ಅಂದರೆ ಒಳ್ಳೆಯ ರಾತ್ರಿ. ಅಂದು ಮನೆಮಂದಿಯೆಲ್ಲ ಕಲೆತು ಉಣ್ಣುವರು. 31ರದು ‘ನೋಚೆವಿಯೇಹಾ’, ಹಳೆಯ ರಾತ್ರಿ. ಮ್ಯಾಡ್ರಿಡ್ ನಗರದ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರವು ನಡುರಾತ್ರಿ ಹನ್ನೆರಡು ಬಾರಿಸುವಾಗ, ಹೊಡೆತಕ್ಕೊಂದರಂತೆ ಹನ್ನೆರಡು ದ್ರಾಕ್ಷಿಗಳನ್ನು ತಿಂದು, ‘ಫೆಲಿಸ್ ಆನ್ಯೊ’ ಎಂದು ಹೊಸ ವರ್ಷವನ್ನು ಹಾರೈಸುವರು. ಜನವರಿ 6 ಶಿಶುಯೇಸುವಿಗೆ ಕಾಣಿಕೆ ತಂದ ಮೂವರು ಅರಸರ ದಿನ. ಮಕ್ಕಳು ಹಿಂದಿನ ರಾತ್ರಿಯೇ ತಮ್ಮ ಪಾದರಕ್ಷೆಗಳನ್ನು ಇಟ್ಟು ಮಲಗಿ, ಬೆಳಗಾದಾಗ ಅಲ್ಲಿ ಉಡುಗೊರೆಗಳನ್ನು ಕಾಣುವರು. ಅಂದಿನ ಹಾರೈಕೆ ‘ಫೆಲಿಸೆಸ್ ರೇಯೆಸ್’. ‘ರೇಯೆಸ್’ ಎಂದರೆ ಅರಸರು.

ಈ ದಿನಗಳೆಲ್ಲಕ್ಕೂ ಒಪ್ಪುವ ಮಾತು ‘ಫೆಲಿಸೆಸ್ ಫಿಯೆಸ್ತಾಸ್’. ಹಬ್ಬಗಳು ಹಲವಾದುದರಿಂದ ಇಲ್ಲಿ ಬಹುವಚನ. ಇದರಲ್ಲಿ ಯಾವ ಮತದ ಹೆಸರೂ ಇಲ್ಲದಿರುವುದರಿಂದ ಕ್ರೈಸ್ತರಲ್ಲದವರಿಗೂ ಸಂಕೋಚವಿಲ್ಲದೆ ಸಲ್ಲುತ್ತದೆ.

ಪರಭಾಷೆಯ ಹಾರೈಕೆಯನ್ನು ಕಲಿಯುವ ನಾವು ಪದದೊಡನೆ ಅದರ ದಿನವನ್ನೂ ಕಲಿಯಬೇಕು. ಅರಸರ ಹಬ್ಬದ ಬೆಳಗಿನಲ್ಲಿ ಸ್ಪ್ಯಾನಿಷ್ ಮಿತ್ರನ ಬಾಗಿಲಿಗೆ ಹೋಗಿ ‘ನವಿದಾದ್’ ಎನ್ನುವವನು ಆ ಭಾಷೆಯ ಮಾತನ್ನು ಬಲ್ಲನೇ ಹೊರತು, ಆ ಮನೆಯ ಸಂತೋಷವನ್ನು ಬಲ್ಲವನಲ್ಲ.