ಸೇತುವೆಯಲ್ಲಿ ಕಡಲ ಹಕ್ಕಿಯ ಒಕ್ಕಲು

ಬಸ್ಸಿಗೆ ಕಾಯುತ್ತ ಮರದಡಿ ನಿಂತವರ ಇಸ್ತ್ರಿ ಷರ್ಟಿನ ಮೇಲೆ ಕಾಗೆ ಹಿಕ್ಕೆ ಬಿದ್ದರೆ ಬಾಯಿಂದ ಎಂಥ ಮಾತು ಬರುತ್ತದೆ ಎಂದು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಉತ್ತರಕ್ಕಿರುವ ನ್ಯೂಕ್ಯಾಸಲ್ ಊರಿನಲ್ಲಿ ಈ ತಾಪತ್ರಯ ವರ್ಷಕ್ಕೆ ಹತ್ತಿರ ಹತ್ತಿರ ಆರು ತಿಂಗಳು. ಅಲ್ಲಿ ಟೈನ್ ನದಿಗೆ ಅಡ್ಡಲಾಗಿ 1928ರಲ್ಲಿ ತೆರೆದ ದೊಡ್ಡ ಉಕ್ಕಿನ ಸೇತುವೆಯಿದೆ. ಮೇಲೆ ಬಸ್ಸು, ಕಾರು. ಕೆಳಗೆ ಹೋಟೆಲು, ಅಂಗಡಿ. ನಡುವೆ ಕಂಬ, ತೊಲೆಗಳ ಸಂದಿಯಲ್ಲಿ ನೂರಾರು ಜೋಡಿ ಬಿಳಿ ಹಕ್ಕಿಗಳ ಸಂಸಾರ. ಹಿಕ್ಕೆ, ನಾತ, ಬೆಳಗಿನ ಜಾವದಿಂದ ಕಿರುಚಾಟ. ಅಂಗಡಿಯವರು ಮೂಗು ಮುಚ್ಚಿಕೊಳ್ಳದೆ ಇನ್ನೇನು ಮಾಡ್ತಾರೆ?

ಗುರುತು ಹಿಡಿಯುವುದು ಹೇಗೆ?

ಬೈಯುವ ಮುಂಚೆ ಹಕ್ಕಿ ಯಾವುದೆಂದು ತಿಳಿಯಬೇಕಲ್ಲ. ಚಳಿಗಾಲದಲ್ಲಿ ಮಲ್ಪೆ, ಕಾರವಾರದ ಕಡೆ ಮೀನು ಬೋಟುಗಳ ಬೆನ್ನು ಹತ್ತುವ ಗಲ್ ಹಕ್ಕಿಗಳನ್ನು ಕಂಡವರಿದ್ದಾರೆ. ಸೇತುವೆಯದೂ ಅದೇ ಕುಲ, ಹೆಸರು ಕಿಟ್ಟಿವೇಕ್. ಅಲ್ಲಿನ ಜನರ ಕೈಯಿಂದ ತಿಂಡಿ ಕಸಿದು ತಿಪ್ಪೆ ಕೆದಕುವ ಪುಂಡ ಇನ್ನೊಂದು, ಹೆರಿಂಗ್ ಗಲ್. ಆ ಪುಂಡನ ಕಾಲು ನಸುಗೆಂಪು, ಹಳದಿ ಕೊಕ್ಕಿನಲ್ಲೊಂದು ಕೆಂಪು ಬೊಟ್ಟು, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ. ಕಿಟ್ಟಿವೇಕಿನ ಕಾಲು ಕಪ್ಪು, ಕೊಕ್ಕು ಬರೀ ಹಳದಿ, ರೆಕ್ಕೆ ತುದಿ ಶಾಯಿ ಕುಡಿಕೆಗೆ ಅದ್ದಿ ತೆಗೆದಂತೆ ಅಚ್ಚ ಕಪ್ಪು. ಇದ್ಯಾವುದೂ ಕಾಣದಿದ್ದರೆ ಕಿವಿ ಕೊಟ್ಟರಾಯಿತು. 'ಕಿಟ್ಟಿ-ವೇಕ್' ಎಂದು ತನ್ನ ಹೆಸರನ್ನು ತಾನೇ ಕೂಗುತ್ತದೆ!

ಕಳ್ಳತನ ಒಬ್ಬನದು, ಬೈಗುಳ ಇನ್ನೊಬ್ಬನಿಗೆ. ಕಿಟ್ಟಿವೇಕ್ ಕಡಲ ಮೀನು ನಂಬಿ ಬದುಕುವ ಪ್ರಾಣಿ. ಚಳಿಗಾಲವನ್ನೆಲ್ಲ ಅಟ್ಲಾಂಟಿಕ್ ನಡುಗಡಲಲ್ಲೇ ಕಳೆದು, ಮರಿ ಮಾಡಲು ಮಾತ್ರ ದಡಕ್ಕೆ ಬರುತ್ತದೆ.

ಬಂಡೆಯೂ ಒಂದೇ, ತೊಲೆಯೂ ಒಂದೇ

ಇದರ ಹುಟ್ಟೂರು ಕಡಲಿಗೆ ನೆಟ್ಟಗೆ ಇಳಿದ ಕಲ್ಲುಬಂಡೆ. ಗೇಣಗಲದ ಅಂಚಿನಲ್ಲಿ ಮಣ್ಣು, ಹುಲ್ಲು, ಪಾಚಿ ಮೆತ್ತಿ ಗೂಡು ಕಟ್ಟಿ, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ನರಿ, ಇಲಿ ಅಲ್ಲಿಗೆ ಹತ್ತಲಾರವು. ಮರಿಗಳೂ ಜಾಣ, ಹಾರಲು ಬರುವ ತನಕ ಕೂತಲ್ಲಿಂದ ಕದಲುವುದಿಲ್ಲ. ಕದಲಿದರೆ ಕತೆ ಮುಗೀತು. ಅಂಥ ಹಕ್ಕಿಗೆ ಉಕ್ಕಿನ ತೊಲೆಯೂ ಬಂಡೆಯಂತೆ ಒಗ್ಗಿಹೋಗಿದೆ. ಸೇತುವೆಯಿಂದ ಕಡಲಿಗೆ ಸುಮಾರು 13 ಕಿ.ಮೀ. ಕಡಲಿಂದ ಇಷ್ಟು ಒಳಗೆ ಕಿಟ್ಟಿವೇಕ್ ಬೀಡು ಬಿಟ್ಟ ಜಾಗ ಜಗತ್ತಿನಲ್ಲಿ ಮತ್ತೊಂದಿಲ್ಲ.

ಕೆಲವು ಕಟ್ಟಡಗಳ ಮಾಲೀಕರು ಬಲೆ ಕಟ್ಟಿಸಿದರು, ಮುಳ್ಳುಸರಳು ಹೊಡೆಸಿದರು. ಬಲೆಗೆ ಸಿಕ್ಕಿದ ಹಕ್ಕಿಗಳು ದಾರಿಹೋಕರ ಕಣ್ಣೆದುರೇ ಒದ್ದಾಡಿದಾಗ ಊರಲ್ಲಿ ಗಲಾಟೆ ಎದ್ದಿತು. ಬಳಕೆಯಲ್ಲಿರುವ ಗೂಡಿಗೆ ಕೈ ಹಾಕುವ ಹಾಗಿಲ್ಲವೆಂದು 1981ರ ಕಾನೂನೇ ಇದೆ. ಎದುರು ದಡದ ಹಳೇ ಹಿಟ್ಟಿನ ಗಿರಣಿ 2002ರಲ್ಲಿ ಕಲಾ ಕೇಂದ್ರವಾಯಿತು. ಅಲ್ಲಿ ಗೂಡು ಕಳಕೊಂಡ ಹಕ್ಕಿಗಳಿಗೆಂದೇ ಬೇರೆ ಗೋಪುರ ಕಟ್ಟಿಸಿದರು. 2024ರಲ್ಲಿ ಟೈನ್ ಸೇತುವೆಯ ದೊಡ್ಡ ರಿಪೇರಿ ಶುರುವಾದಾಗಲೂ ಗೂಡಿನ ಜಾಗಗಳನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಮನೆ ಸಿಕ್ಕಿತು, ರೇಷನ್?

ಮರಿಗಳಿಗೆ ಮುಖ್ಯ ಊಟ ಸ್ಯಾಂಡ್ ಈಲ್ ಎಂಬ ಬೆರಳುದ್ದದ ಮೀನು. ಸಮುದ್ರ ಬಿಸಿಯಾಗುತ್ತ ಅದು ಕಮ್ಮಿಯಾಗುತ್ತಿದೆ. ಮೀನುಹುಡಿ, ಮೀನೆಣ್ಣೆ ಮಾಡಲು ದೊಡ್ಡ ಬೋಟಿನವರು ಬಳಿದುಕೊಂಡು ಹೋಗಿದ್ದು ಬೇರೆ. 1970ರ ದಶಕದಿಂದೀಚೆಗೆ ಜಗತ್ತಿನ ಕಿಟ್ಟಿವೇಕ್ ಸಂಖ್ಯೆ ಶೇ. 40ರಷ್ಟು ಇಳಿದಿದೆ, 2017ರಲ್ಲಿ ಅಪಾಯದ ಪಟ್ಟಿಗೂ ಸೇರಿತು. 2024ರಲ್ಲಿ ಬ್ರಿಟನ್ ಉತ್ತರ ಸಮುದ್ರದ ತನ್ನ ಪಾಲಿನಲ್ಲಿ ಆ ಮೀನು ಹಿಡಿಯುವುದನ್ನೇ ನಿಲ್ಲಿಸಿತು. ಅದನ್ನೇ ನಂಬಿದ್ದ ಡೆನ್ಮಾರ್ಕಿನ ಬೋಟಿನವರಿಗೆ ಹೊಟ್ಟೆ ಮೇಲೆ ಹೊಡೆದ ಹಾಗಾಯಿತು; ಯುರೋಪ್ ಒಕ್ಕೂಟ ತಕರಾರು ತೆಗೆಯಿತು.

ಆಗಸ್ಟ್ ಮುಗಿಯುವಷ್ಟರಲ್ಲಿ ಹಕ್ಕಿಗಳು ಗಂಟುಮೂಟೆ ಕಟ್ಟುತ್ತವೆ. ಅಂಗಡಿಯವರು ಮೆಟ್ಟಿಲು ತೊಳೆದು ನಿಟ್ಟುಸಿರು ಬಿಡುತ್ತಾರೆ. ಹಿಕ್ಕೆಯನ್ನೇನೋ ಒಂದು ಬಕೆಟ್ ನೀರು ಹಾಕಿ ತೊಳೆಯಬಹುದು. ಕಡಲಲ್ಲಿ ಮೀನೇ ಮುಗಿದರೆ ಯಾವ ಸೇತುವೆ ತಾನೇ ಆ ಮರಿಗಳನ್ನು ಸಾಕೀತು?