ಉಗಿಬಂಡಿಯ ಚಿತ್ರಕ್ಕೆ ಚಳಿಯೇ ಬೇಕು

ಪುಷ್ಯಮಾಸದ ಬೆಳಗು. ಶಿರಗುಪ್ಪಿಯ ಕಬ್ಬಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿರುವುದಿಲ್ಲ. ಒಂದು ಕಾಲದಲ್ಲಿ ಇಂತಹ ಬೆಳಗಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ನೆರೆಯ ಮಿರಜಕ್ಕೆ ಹೋದವನಿಗೆ ಅಪೂರ್ವ ನೋಟವೊಂದು ಕಾದಿರುತ್ತಿತ್ತು.

1971ರಲ್ಲಿ ಪುಣೆಯ ಕಡೆಯ ಹಾದಿ ಬ್ರಾಡ್‌ಗೇಜ್ ಆದ ಮೇಲೆ ಮಿರಜ ಜಂಕ್ಷನ್ನಿನಲ್ಲಿ ಮೂರು ಅಳತೆಯ ಹಳಿಗಳು ಕೂಡಿದವು. ಬೆಳಗಾವಿಯ ಕಡೆಗೆ ಮೀಟರ್‌ಗೇಜ್ ಉಳಿದಿತ್ತು. ಪಂಢರಪುರದ ಕಡೆಯಿಂದ ಬಾರ್ಶಿ ಲೈಟ್ ರೈಲ್ವೆಯ ಪುಟ್ಟ ಹಳಿ 1927ರಲ್ಲಿಯೇ ಬಂದು ಸೇರಿತ್ತು. ಎರಡೂವರೆ ಅಡಿ ಅಗಲದ ಈ ಹಾದಿ 1897ರಲ್ಲಿ ಆರಂಭವಾಯಿತು. ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಬಂಡಿಗಳನ್ನು ರೂಪಿಸಿದವನು ಎಂಜಿನಿಯರ್ ಎವೆರಾರ್ಡ್ ಕ್ಯಾಲ್ತ್ರಾಪ್. ವಿಠ್ಠಲನ ಭಕ್ತರನ್ನು ಹೊತ್ತೊಯ್ದ ಆ ಹಾದಿಯೂ ಮೀಟರ್‌ಗೇಜೂ ಮುಂದೆ ಬ್ರಾಡ್‌ಗೇಜಿನಲ್ಲಿ ಲೀನವಾದವು. ಭಾರತದ ಬ್ರಾಡ್‌ಗೇಜಿನಲ್ಲಿ ಉಗಿಯ ನಿತ್ಯ ಸಂಚಾರ 1995ರಲ್ಲಿ ಕೊನೆಗೊಂಡಿತು.

ಉಗಿಬಂಡಿಯ ಚಿತ್ರ ತೆಗೆಯುವವರು ಚಳಿಗಾಲವನ್ನೇ ಆಯ್ದುಕೊಳ್ಳುವುದೇಕೆ? ನಿಜವಾದ ಉಗಿ ಕಣ್ಣಿಗೆ ಕಾಣದು. ಹೊರಬಂದ ಉಗಿ ತಣಿದು ಹನಿಗಟ್ಟಿದಾಗಲೇ ಬೆಳ್ಮುಗಿಲಿನಂತೆ ತೋರುತ್ತದೆ. ಬೇಸಗೆಯ ಒಣಗಾಳಿಯಲ್ಲಿ ಆ ಹನಿಗಳು ಬೇಗನೆ ಆರಿಹೋಗುತ್ತವೆ. ಚಳಿಯಲ್ಲಿಯಾದರೋ ಬಹು ಹೊತ್ತು ನಿಲ್ಲುತ್ತವೆ. ಚಳಿಗಾಲದ ಇಳಿಬಿಸಿಲು ಪಕ್ಕದಿಂದ ಬಿದ್ದು ಗಾಲಿಗಳನ್ನೂ ಅವುಗಳನ್ನು ತಿರುಗಿಸುವ ಉಕ್ಕಿನ ತೋಳುಗಳನ್ನೂ ಎದ್ದು ಕಾಣಿಸುತ್ತದೆ.

ಇಂದು ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿಯೂ 1979ರಲ್ಲಿ ಸ್ಥಾಪಿತವಾದ ಮೈಸೂರಿನ ಸಂಗ್ರಹಾಲಯದಲ್ಲಿಯೂ ಹಳೆಯ ಎಂಜಿನುಗಳನ್ನು ನೋಡಬಹುದು. ಮಕ್ಕಳು ಅವುಗಳನ್ನು ಮುಟ್ಟಿ ನಲಿಯುತ್ತಾರೆ. ಆದರೆ ಅಲ್ಲಿನ ಎಂಜಿನುಗಳಿಗೆ ಉಸಿರಿಲ್ಲ. ಉಸಿರಾಡುವ ಎಂಜಿನನ್ನು ಕಾಣಬೇಕೆನ್ನುವವರು ಮೈಸೂರಿನಿಂದ ನೀಲಗಿರಿಯತ್ತ ಸಾಗಬೇಕು. 1899ರಲ್ಲಿ ತೆರೆದ ಮೆಟ್ಟುಪಾಳ್ಯಂ–ಕೂನೂರು ಹಾದಿಯಲ್ಲಿ, ಹಲ್ಲುಹಳಿಯನ್ನು ಕಚ್ಚಿ ಹಿಡಿದು, ಹಿಂದಿನಿಂದ ಡಬ್ಬಿಗಳನ್ನು ದೂಡುತ್ತಾ ಉಗಿ ಎಂಜಿನು ಬೆಟ್ಟವೇರುತ್ತದೆ. ಯುನೆಸ್ಕೊ 2005ರಲ್ಲಿ ಈ ಹಾದಿಯನ್ನು ವಿಶ್ವಪರಂಪರೆಗೆ ಸೇರಿಸಿತು. ಎಂಜಿನು ಅತಿ ಹೆಚ್ಚು ಶ್ರಮಿಸುವ ಏರಿನ ಬಳಿ ಕಾದು ನಿಂತರೆ ಒಳ್ಳೆಯ ಚಿತ್ರ ದೊರೆಯುತ್ತದೆ.

ಮಿರಜದ ಆ ನೋಟ ಮಾತ್ರ ಮರಳಿ ಬಾರದು. ಅದು ಉಳಿದಿದ್ದರೆ ಮನೆಮನೆಯ ಹಳೆಯ ಆಲ್ಬಮ್ಮುಗಳಲ್ಲಿಯೇ ಉಳಿದಿರಬೇಕು: ಯಾತ್ರೆಗೆ ಹೊರಟ ಅಜ್ಜಿಯ ಹಿಂದೆ, ಅರ್ಧ ಮಾತ್ರ ಕಾಣುವ ಒಂದು ಕರಿಯ ಎಂಜಿನು. ಅಂತಹ ಚಿತ್ರ ಮನೆಯಲ್ಲಿದ್ದರೆ, ಬಲ್ಲ ಹಿರಿಯರು ಇರುವಾಗಲೇ ಅವರನ್ನು ಕೇಳಿ ಅದರ ಬೆನ್ನಿಗೆ ಊರನ್ನೂ ವರ್ಷವನ್ನೂ ಬರೆದಿಡುವುದು ಒಳಿತು. ಹೆಸರಿಲ್ಲದ ಚಿತ್ರವೂ ಬೇಸಗೆಯ ಉಗಿಯಂತೆಯೇ, ಇದ್ದೂ ಕಾಣದಾಗುತ್ತದೆ.